ಯಾರೂ ಆರಿಸಿಕೊಳ್ಳದ ಬ್ರೌಸರ್

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಗಳಿಗೆ, ಶ್ರೀನಿವಾಸಪುರದ ಕಡೆಯ ಮಾವಿನ ವರ್ತಕರಿಗೆ, ನರ್ಸರಿಗಳಿಗೆ, ಹನಿ ನೀರಾವರಿ ಸಾಮಾನು ಮಾರುವ ಅಂಗಡಿಗಳಿಗೆ ಜಾಲತಾಣ ಮಾಡಿಕೊಡುವುದು ನನ್ನ ಕೆಲಸ. ಇವುಗಳನ್ನು ನೋಡುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೊಬೈಲಿನಲ್ಲೇ ನೋಡುತ್ತಾರೆ. ಅವರಲ್ಲಿ ಇಂಥದ್ದೇ ಬ್ರೌಸರ್ ಬೇಕೆಂದು ಹುಡುಕಿ ಹಾಕಿಸಿಕೊಂಡವರು ತೀರ ಅಪರೂಪ. ಫೋನ್ ಕೊಂಡ ದಿನ ಪರದೆಯ ಮೇಲೆ ಯಾವ ಚಿತ್ರವಿತ್ತೋ ಅದನ್ನು ಒತ್ತುತ್ತಾರೆ. ಸ್ಯಾಮ್‌ಸಂಗ್ ಫೋನಿನಲ್ಲಿ ‘ಇಂಟರ್ನೆಟ್’ ಎಂಬ ಹೆಸರಿನ ಬ್ರೌಸರ್ ಇರುತ್ತದೆ, ಬೇರೆ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್ ಇರುತ್ತದೆ. ಇನ್ನು ಕೆಲವರು ಗೂಗಲ್‌ನ ಹುಡುಕು ಪಟ್ಟಿಯ ಮೈಕನ್ನು ಒತ್ತಿ ಬಾಯಲ್ಲೇ ಹೇಳಿ ಹುಡುಕುತ್ತಾರೆ. ಫೇಸ್‌ಬುಕ್ಕಿನಲ್ಲಿ ಕಂಡ ಕೊಂಡಿಯನ್ನು ಒತ್ತಿದರೆ ಆ ಪುಟ ಫೇಸ್‌ಬುಕ್ ಆ್ಯಪಿನೊಳಗೇ ತೆರೆದುಕೊಳ್ಳುತ್ತದೆ; ತಾವೀಗ ಇನ್ನೊಂದು ಬ್ರೌಸರಿನಲ್ಲಿ ಇದ್ದೇವೆಂಬುದು ಅವರ ಗಮನಕ್ಕೂ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ.

ಆದ್ದರಿಂದ ಮೊಬೈಲಿನಲ್ಲಿ ಯಾವ ಬ್ರೌಸರ್ ಒಳ್ಳೆಯದು ಎಂಬ ಪ್ರಶ್ನೆಯನ್ನು ನೋಡುವವರಿಗೆ ಕೇಳುವ ಮೊದಲು ಪುಟ ಬರೆಯುವ ನಾವು ನಮಗೇ ಕೇಳಿಕೊಳ್ಳಬೇಕು. ಆಯ್ಕೆಯನ್ನೇ ಮಾಡದವರಿಗೆ ‘ಈ ಪುಟವನ್ನು ಕ್ರೋಮ್‌ನಲ್ಲಿ ತೆರೆಯಿರಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಾಗದ ಮಾತು. ಬೆಳಗಿನ ಹರಾಜಿಗೆ ಮೊದಲು ನಿನ್ನೆಯ ಧಾರಣೆ ನೋಡಲು ಬಂದ ರೈತ ತನ್ನ ಕೈಯಲ್ಲಿರುವ ಫೋನಿನಲ್ಲಿ, ಆ ಕ್ಷಣ ತೆರೆದುಕೊಂಡ ಬ್ರೌಸರಿನಲ್ಲಿ ಅದನ್ನು ಓದುವಂತಾಗಬೇಕು.

ಕನ್ನಡಿಗರು ಬ್ರೌಸರನ್ನು ಕಾರಣವಿಟ್ಟು ಆರಿಸಿಕೊಂಡಿದ್ದ ಕಾಲವೊಂದಿತ್ತು. ಕೀಲಿಗಳಿದ್ದ ಜಾವಾ ಫೋನುಗಳಲ್ಲೂ ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲೂ ಕನ್ನಡದ ಪುಟ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಫೋನಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಫಾಂಟ್ ತುಂಬಿಸಿದರೂ ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಸರಿಯಾಗಿ ಜೋಡಿಸುವ ವ್ಯವಸ್ಥೆ ಇರಲಿಲ್ಲ. ಆಗ ಕೈಹಿಡಿದದ್ದು ಒಪೆರಾ ಮಿನಿ. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಬರೆದರೆ ಒಂದು ಉದ್ದನೆಯ ಪಟ್ಟಿ ಬರುತ್ತಿತ್ತು. ಅದರಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಯನ್ನು ‘ಯೆಸ್’ ಎಂದು ಬದಲಿಸಿ ಉಳಿಸಿದರೆ ಕನ್ನಡ ಓದಲು ಬರುತ್ತಿತ್ತು. ಪುಟವನ್ನು ಮೊದಲು ತನ್ನ ಸರ್ವರಿಗೆ ತರಿಸಿಕೊಂಡು, ಕುಗ್ಗಿಸಿ, ಆಮೇಲೆ ಫೋನಿಗೆ ಕಳುಹಿಸುವುದು ಒಪೆರಾ ಮಿನಿಯ ಕ್ರಮವಾಗಿತ್ತು. ಈ ಆಯ್ಕೆ ಮಾಡಿದಾಗ ಅಕ್ಷರಗಳನ್ನೂ ಅಲ್ಲೇ ಚಿತ್ರವಾಗಿಸಿ ಕಳುಹಿಸುತ್ತಿತ್ತು. ಡೇಟಾ ಸ್ವಲ್ಪ ಹೆಚ್ಚು ಖರ್ಚಾದರೂ ಸುದ್ದಿಯನ್ನು, ಕವಿತೆಯನ್ನು, ಗೆಳೆಯರ ಬ್ಲಾಗುಗಳನ್ನು ಬಸ್ಸಿನಲ್ಲಿ ಕುಳಿತು ಓದಬಹುದಾಗಿತ್ತು. ಈ ಉಪಾಯ ಒಬ್ಬರಿಂದೊಬ್ಬರಿಗೆ ಬಾಯಿಂದ ಬಾಯಿಗೆ ಹರಡಿತು. 2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಫಾಂಟುಗಳು ಸೇರಿದ ಮೇಲೆ, ಹೊಸ ಫೋನುಗಳು ಕೈಗೆ ಬಂದಂತೆಲ್ಲ, ಆ ಕಾರಣ ನಿಧಾನವಾಗಿ ಇಲ್ಲವಾಯಿತು.

ಡೇಟಾ ದುಬಾರಿಯಾಗಿದ್ದ ವರ್ಷಗಳಲ್ಲಿ ಯುಸಿ ಬ್ರೌಸರನ್ನು ಹಾಕಿಸಿಕೊಂಡವರಿಗೂ ಅವರದೇ ಆದ ಕಾರಣವಿತ್ತು: ಪುಟ ಬೇಗ ಬರುತ್ತಿತ್ತು, ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಮುಂದುವರಿಸಬಹುದಾಗಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಅದೂ ಇತ್ತು. ಅದನ್ನು ಬಳಸುತ್ತಿದ್ದ ನನ್ನ ಪರಿಚಯದವರು ಬದಲಿಗೆ ಇನ್ನೊಂದನ್ನು ಹುಡುಕಲಿಲ್ಲ. ಫೋನಿನಲ್ಲಿ ಮೊದಲೇ ಇದ್ದುದಕ್ಕೆ ಹೊಂದಿಕೊಂಡರು.

ಹೆಸರುಗಳು ಎಷ್ಟೇ ಇರಲಿ, ಪುಟದ ಕೋಡನ್ನು ಓದಿ ಪರದೆಯ ಮೇಲೆ ಮೂಡಿಸುವ ಒಳಗಿನ ಎಂಜಿನ್‌ಗಳು ಇಂದು ಮುಖ್ಯವಾಗಿ ಮೂರೇ. ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯ ಕೆಎಚ್‌ಟಿಎಂಎಲ್ ಎಂಬ ಎಂಜಿನನ್ನು ತೆಗೆದುಕೊಂಡು ಆ್ಯಪಲ್ ವೆಬ್‌ಕಿಟ್ ಮಾಡಿತು. 2003ರಲ್ಲಿ ಸಫಾರಿ ಅದರ ಮೇಲೆ ಬಂತು. ಗೂಗಲ್ ತನ್ನ ಕ್ರೋಮ್‌ಗೂ ಮೊದಲು ವೆಬ್‌ಕಿಟ್ಟನ್ನೇ ಬಳಸಿ, 2013ರ ಏಪ್ರಿಲ್‌ನಲ್ಲಿ ಅದರಿಂದ ಕವಲೊಡೆದು ಬ್ಲಿಂಕ್ ಎಂದು ಹೆಸರಿಟ್ಟಿತು. ಸ್ವಂತ ಎಂಜಿನ್ ಇದ್ದ ಒಪೆರಾ ಅದೇ ವರ್ಷ ಅದನ್ನು ಕೈಬಿಟ್ಟಿತು, ಮೈಕ್ರೋಸಾಫ್ಟ್‌ನ ಎಡ್ಜ್ 2020ರ ಜನವರಿಯಲ್ಲಿ ಕ್ರೋಮ್‌ಗೂ ಮೂಲವಾದ ಕ್ರೋಮಿಯಂ ಮೇಲೆ ಹೊಸದಾಗಿ ಬಂತು. ಸ್ಯಾಮ್‌ಸಂಗ್ ಇಂಟರ್ನೆಟ್, ಬ್ರೇವ್, ವಿವಾಲ್ಡಿ ಎಲ್ಲವೂ ಆಂಡ್ರಾಯ್ಡ್‌ನಲ್ಲಿ ಬ್ಲಿಂಕ್‌ನವೇ. ಒಂದೇ ಗಿರಣಿಯ ಹಿಟ್ಟನ್ನು ಬೇರೆ ಬೇರೆ ಚೀಲಗಳಲ್ಲಿ ತುಂಬಿಟ್ಟಂತೆ. ಬೇರೆಯಾಗಿ ಉಳಿದದ್ದು ಫೈರ್‌ಫಾಕ್ಸ್‌ನ ಗೆಕೊ ಒಂದು. ಐಫೋನಿನಲ್ಲಂತೂ ಫೈರ್‌ಫಾಕ್ಸ್ ಹಾಕಿಕೊಂಡರೂ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ವೆಬ್‌ಕಿಟ್, ಏಕೆಂದರೆ ಆ್ಯಪಲ್‌ನ ನಿಯಮ ಬೇರೆ ಎಂಜಿನನ್ನು ಬಿಡುತ್ತಿರಲಿಲ್ಲ. ಯುರೋಪಿನ ಒಕ್ಕೂಟದ ಹೊಸ ಕಾನೂನಿನ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ಐಒಎಸ್ 17.4ರೊಂದಿಗೆ ಅಲ್ಲಿಯ ಬಳಕೆದಾರರಿಗೆ ಮಾತ್ರ ಆ ಬಾಗಿಲು ತೆರೆಯಿತು, ಬ್ರೌಸರ್ ಆರಿಸಿಕೊಳ್ಳುವ ಪರದೆಯೂ ಅವರಿಗೆ ಕಾಣತೊಡಗಿತು. ನಮ್ಮ ದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವ್ಯವಹಾರಕ್ಕೆ ಸಂಬಂಧಿಸಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರು ಜನವರಿಯಲ್ಲಿ ಗೂಗಲ್, ಫೋನ್ ತಯಾರಕರು ತನ್ನ ಆ್ಯಪುಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು ಎಂದು ಘೋಷಿಸಿತು. ಕೋಲಾರದ ಅಂಗಡಿಯಲ್ಲಿ ಇವತ್ತು ಕೊಂಡ ಫೋನಿನ ಮೊದಲ ಪರದೆಯಲ್ಲಿ ನನಗೆ ಅದರ ಗುರುತು ಕಾಣುತ್ತಿಲ್ಲ.

ಒಂದೇ ಎಂಜಿನ್ ಎಲ್ಲರ ಬಳಿ ಇದ್ದರೆ ಡೆವಲಪರನ ಕೆಲಸ ಹಗುರವಲ್ಲವೇ ಎಂದು ನನ್ನ ಜೊತೆಯ ಹುಡುಗರು ಕೇಳುತ್ತಾರೆ. ಹಗುರವೇನೋ ಹೌದು. ಆದರೆ ಒಂದು ಎಂಜಿನ್‌ನಲ್ಲಿ ಕೆಲಸ ಮಾಡಿದ್ದೇ ಸರಿ ಎಂಬ ಅಭ್ಯಾಸ ಬೆಳೆದಾಗ ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿಯಂಥ ಸಂಸ್ಥೆಗಳಲ್ಲಿ ಎಲ್ಲರೂ ಕೂಡಿ ಬರೆದ ಮಾನಕಗಳು ಕಾಗದದ ಮೇಲೆ ಉಳಿಯುತ್ತವೆ, ಉಳಿದ ಎಂಜಿನ್‌ಗಳು ಇನ್ನೊಬ್ಬರ ನಡವಳಿಕೆಯನ್ನು ಅನುಕರಿಸುತ್ತ ಕೂರಬೇಕಾಗುತ್ತದೆ. ಬೆರಳಿನ ಸ್ಪರ್ಶವನ್ನು ಪುಟಕ್ಕೆ ತಿಳಿಸುವ ಕ್ರಮದಲ್ಲೇ ಇದು ನಡೆಯಿತು. ಐಫೋನಿನಿಂದ ಬಂದ ಟಚ್ ಇವೆಂಟ್‌ಗಳ ಕ್ರಮ ರೂಢಿಯಾಗಿಬಿಟ್ಟಿತ್ತು. ಬೆರಳು, ಮೌಸ್, ಪೆನ್ನು ಮೂರನ್ನೂ ಒಂದೇ ಬಗೆಯಲ್ಲಿ ನೋಡುವ ಪಾಯಿಂಟರ್ ಇವೆಂಟ್ಸ್ ಎಂಬ ಉತ್ತಮ ಮಾನಕವನ್ನು ಡಬ್ಲ್ಯು3ಸಿ 2015ರಲ್ಲೇ ಅಂಗೀಕರಿಸಿದರೂ ಕ್ರೋಮ್‌ಗೆ ಅದು ಬಂದದ್ದು 2016ರಲ್ಲಿ, ಐಫೋನಿನ ಸಫಾರಿಗೆ ಬಂದದ್ದು 2019ರ ಐಒಎಸ್ 13ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಒಂದೇ ಕೆಲಸಕ್ಕೆ ಎರಡೆರಡು ಬಗೆಯ ಕೋಡ್ ಬರೆದೆವು.

ಈಗ ಬೆರಳಿನ ವಿಷಯಕ್ಕೇ ಬರುತ್ತೇನೆ. ಟೊಮೆಟೊ ಮಂಡಿಯಲ್ಲಿ ಫೋನ್ ಹಿಡಿಯುವ ಕೈಗಳು ಕಚೇರಿಯ ಕೈಗಳಲ್ಲ. ಬಾಕ್ಸ್ ಎತ್ತಿಳಿಸಿದ, ಒಡೆದ ಹಣ್ಣಿನ ರಸ ಮೆತ್ತಿದ, ಮಣ್ಣು ಹಿಡಿದು ಚರ್ಮ ಒರಟಾದ ಬೆರಳುಗಳು ಅವು. ಇಂದಿನ ಟಚ್‌ಸ್ಕ್ರೀನುಗಳು ಬೆರಳು ತಾಗಿದಾಗ ವಿದ್ಯುದಾವೇಶದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಗುರುತಿಸುತ್ತವೆ. ಒಣಗಿ ದಡ್ಡುಗಟ್ಟಿದ ಚರ್ಮ ಆ ಬದಲಾವಣೆಯನ್ನು ಕಡಿಮೆ ಮಾಡುತ್ತದೆ; ಪರದೆಯ ಮೇಲಿನ ನೀರಿನ ಹನಿ ಬೆರಳಿಲ್ಲದ ಕಡೆಯೂ ಒತ್ತಿದಂತೆ ತೋರಿಸುತ್ತದೆ. ಹೀಗಿರುವಾಗ ಒಂದರ ಪಕ್ಕ ಒಂದು ಅಂಟಿಸಿಟ್ಟ ಪುಟ್ಟ ಬಟನ್‌ಗಳು ಏನು ಮಾಡಬಲ್ಲವು ಎಂದು ಯೋಚಿಸಬೇಕು. ಆ್ಯಪಲ್‌ನ ಮಾರ್ಗಸೂಚಿ ಒತ್ತುವ ಜಾಗ 44 ಪಾಯಿಂಟ್ ಅಗಲ, 44 ಪಾಯಿಂಟ್ ಎತ್ತರ ಇರಬೇಕೆನ್ನುತ್ತದೆ, ಗೂಗಲ್‌ನದು 48 ಡಿಪಿ ಎನ್ನುತ್ತದೆ (ಎರಡೂ ಪರದೆಯ ಮೇಲಿನ ಅಳತೆಗಳು). ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ಡಬ್ಲ್ಯು3ಸಿ ಬರೆದ, 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ ಮಾರ್ಗಸೂಚಿ ಮಧ್ಯಮ ಮಟ್ಟಕ್ಕೆ 24 ಸಿಎಸ್‌ಎಸ್ ಪಿಕ್ಸೆಲ್‌ಗಳನ್ನು ಕನಿಷ್ಠವೆಂದು ಇಟ್ಟಿದೆ. ಆ 24 ನಮ್ಮ ಮಂಡಿಗೆ ಸಾಲದು. ನಾನು 48ಕ್ಕಿಂತ ಕಡಿಮೆ ಮಾಡುವುದಿಲ್ಲ, ‘ಸೇರಿಸು’ ಮತ್ತು ‘ಅಳಿಸು’ ಎಂಬಂಥ ಪರಸ್ಪರ ವಿರುದ್ಧವಾದ ಬಟನ್‌ಗಳನ್ನು ಅಕ್ಕಪಕ್ಕ ಇಡುವುದೇ ಇಲ್ಲ.

ಮೌಸ್ ಇದ್ದ ಕಾಲದ ಅಭ್ಯಾಸಗಳು ಕೋಡಿನಲ್ಲಿ ಇನ್ನೂ ಉಳಿದಿವೆ. ಬಾಣ ತಂದಾಗ ಮಾತ್ರ ತೆರೆದುಕೊಳ್ಳುವ ಮೆನುಗಳು ಅಂಥವು. ಬೆರಳಿಗೆ ಮೇಲೆ ಸುಳಿದಾಡುವುದು ಗೊತ್ತಿಲ್ಲ, ಅದು ಒತ್ತುತ್ತದೆ ಇಲ್ಲವೇ ಬಿಡುತ್ತದೆ. ಪುಟದ ವಿನ್ಯಾಸವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಹೋವರ್’ ಮತ್ತು ‘ಪಾಯಿಂಟರ್’ ಎಂಬ ಮೀಡಿಯಾ ಪ್ರಶ್ನೆಗಳಿವೆ: ಈ ಸಾಧನದಲ್ಲಿ ಮೇಲೆ ಸುಳಿಯಲು ಸಾಧ್ಯವೇ, ತೋರುವ ಸಾಧನ ಸೂಕ್ಷ್ಮವೇ ಒರಟೇ ಎಂದು ಬ್ರೌಸರನ್ನೇ ಕೇಳಬಹುದು. ಬ್ರೌಸರಿನ ಹೆಸರು ನೋಡಿ ಇದು ಫೋನು, ಇದು ಕಂಪ್ಯೂಟರು ಎಂದು ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. 2019ರಲ್ಲಿ ಐಪ್ಯಾಡ್‌ಓಎಸ್ 13 ಬಂದಾಗ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಎಂದೇ ಪರಿಚಯಿಸಿಕೊಳ್ಳತೊಡಗಿತು. ಹೆಸರನ್ನು ನಂಬಿ ಬರೆದ ತಾಣಗಳೆಲ್ಲ ಅಂದು ಟಚ್‌ಸ್ಕ್ರೀನಿಗೆ ಮೌಸಿನ ಮೆನು ಬಡಿಸಿದವು.

ಒತ್ತಿದ ಮೇಲೆ ಪುಟ ತಡವಾಗಿ ಎಚ್ಚರಗೊಳ್ಳುವ ಒಂದು ಕಾಟ ಹಿಂದೆ ಇತ್ತು. ಎರಡು ಸಲ ತಟ್ಟಿದರೆ ಪುಟ ಹಿಗ್ಗಬೇಕಾದ್ದರಿಂದ ಬ್ರೌಸರ್ ಮೊದಲ ತಟ್ಟಿನ ನಂತರ ಸುಮಾರು 300 ಮಿಲಿಸೆಕೆಂಡ್ ಕಾಯುತ್ತಿತ್ತು. ಆ ವಿಳಂಬದಲ್ಲಿ ಜನ ‘ಆಗಲಿಲ್ಲವೇನೋ’ ಎಂದು ಇನ್ನೊಮ್ಮೆ ಒತ್ತುತ್ತಿದ್ದರು, ಒಂದು ಬಾಕ್ಸಿನ ಲೆಕ್ಕ ಎರಡಾಗುತ್ತಿತ್ತು. ಪುಟದ ಅಗಲವನ್ನು ಸಾಧನದ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲೊಂದನ್ನು ಬರೆದರೆ ಸಾಕು, ಆ ಕಾಯುವಿಕೆಯನ್ನು ಬಿಟ್ಟುಬಿಡುವ ಬದಲಾವಣೆ 2014ರಲ್ಲಿ ಕ್ರೋಮ್‌ಗೂ 2016ರಲ್ಲಿ ಐಒಎಸ್ 9.3ಕ್ಕೂ ಬಂತು. ಆ ಸಾಲು ಇಲ್ಲದ ಪುಟವನ್ನು ಐಫೋನಿನ ಸಫಾರಿ ಇಂದಿಗೂ 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಇರುವೆ ಸಾಲಿನ ಅಕ್ಷರಗಳಲ್ಲಿ ತೋರಿಸುತ್ತದೆ.

ಅದೇ ಸಾಲಿನಲ್ಲಿ ಪುಟ ಹಿಗ್ಗಿಸುವುದನ್ನೇ ತಡೆಯುವ ಸೂಚನೆಯನ್ನೂ ಬರೆಯುವವರಿದ್ದಾರೆ. ಇದು ನನ್ನನ್ನು ತುಂಬ ನೋಯಿಸುತ್ತದೆ. ಐವತ್ತು ದಾಟಿದ ರೈತರು ಕನ್ನಡಕ ಮನೆಯಲ್ಲೇ ಬಿಟ್ಟು ಮಂಡಿಗೆ ಬಂದಿರುತ್ತಾರೆ. ಬಿಲ್ಲಿನ ಮೊತ್ತವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡುವ ಒಂದೇ ಅನುಕೂಲವನ್ನು ವಿನ್ಯಾಸದ ಅಂದಕ್ಕಾಗಿ ಕಿತ್ತುಕೊಳ್ಳುವುದು ಅನ್ಯಾಯ. ಸಫಾರಿ 2016ರ ಐಒಎಸ್ 10ರಿಂದ ಈ ಸೂಚನೆಯನ್ನು ಲೆಕ್ಕಿಸದೆ ಹಿಗ್ಗಿಸಲು ಬಿಡುತ್ತದೆ. ಒಂದು ಬ್ರೌಸರ್ ಪುಟ ಬರೆದವನ ಮಾತನ್ನು ಮೀರಿ ಓದುವವರ ಪರ ನಿಂತ ಈ ನಡೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ತೂಕ, ಬಾಕ್ಸಿನ ಸಂಖ್ಯೆ, ದರ ತುಂಬುವ ಫಾರ್ಮುಗಳಲ್ಲಿ ಇಂಥ ಸಣ್ಣ ಸಂಗತಿಗಳು ಮತ್ತೂ ಮುಖ್ಯ. ಖಾನೆಯೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿದ್ದರೆ ಐಫೋನಿನಲ್ಲಿ ಅದನ್ನು ಮುಟ್ಟಿದ ಕೂಡಲೇ ಇಡೀ ಪುಟ ಹಿಗ್ಗಿ ಪಕ್ಕದ ಖಾನೆಗಳು ಮರೆಯಾಗುತ್ತವೆ. ದರದ ಖಾನೆಗೆ ‘ಇನ್‌ಪುಟ್‌ಮೋಡ್’ ಎಂಬ ಗುಣದಲ್ಲಿ ‘ಡೆಸಿಮಲ್’ ಎಂದು ಹೇಳಿದರೆ ದೊಡ್ಡ ಅಂಕಿಗಳ ಕೀಲಿಮಣೆ ಬರುತ್ತದೆ. ಖಾನೆಯನ್ನು ಪಠ್ಯದ್ದಾಗಿಯೇ ಉಳಿಸಿಕೊಂಡರೆ ಯಾರಾದರೂ ಕನ್ನಡ ಅಂಕಿಗಳಲ್ಲಿ ಬರೆದದ್ದನ್ನೂ ಸರ್ವರಿನಲ್ಲಿ ಪರಿವರ್ತಿಸಿಕೊಳ್ಳಬಹುದು. ಉದ್ದದ ಪಟ್ಟಿಯನ್ನು ತುಂಬುತ್ತ ಮೇಲಕ್ಕೆ ಹೋಗಲು ಜೋರಾಗಿ ಎಳೆದಾಗ ಕ್ರೋಮ್ ಪುಟವನ್ನು ಮತ್ತೆ ತೆರೆಯುತ್ತದೆ, ತುಂಬಿದ್ದೆಲ್ಲ ಹೋಗುತ್ತದೆ. ‘ಓವರ್‌ಸ್ಕ್ರಾಲ್-ಬಿಹೇವಿಯರ್’ ಎಂಬ ಸಿಎಸ್‌ಎಸ್ ಗುಣ ಇದನ್ನು ತಡೆಯುತ್ತದೆ. ಕ್ರೋಮ್‌ಗೆ ಅದು 2017ರಲ್ಲಿ ಬಂದರೆ ಸಫಾರಿಗೆ 2022ರ ತನಕ ಬರಲಿಲ್ಲ. ಪರದೆಯ ಪೂರ್ತಿ ಎತ್ತರ ಎಂದು 100 ವಿಎಚ್ ಬರೆದ ಪುಟಗಳಲ್ಲಿ ‘ಉಳಿಸು’ ಬಟನ್ ಬ್ರೌಸರಿನ ಪಟ್ಟಿಯ ಅಡಿಗೆ ಹೋಗಿ ಕುಳಿತುಕೊಳ್ಳುವ ಸಮಸ್ಯೆಯೂ ಹೀಗೆಯೇ. ಸ್ಕ್ರಾಲ್ ಮಾಡಿದಂತೆ ವಿಳಾಸದ ಪಟ್ಟಿ ಮರೆಯಾಗಿ ಎತ್ತರ ಬದಲಾಗುತ್ತದೆಂಬುದನ್ನು ಆ ಅಳತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಾಗಿ ರೂಪಿಸಿದ ಎಸ್‌ವಿಎಚ್, ಡಿವಿಎಚ್ ಅಳತೆಗಳು 2022ರಲ್ಲಿ ಮೂರೂ ಎಂಜಿನ್‌ಗಳಿಗೆ ಬಂದವು. ಹಳೆಯ ಫೋನುಗಳಿಗಾಗಿ ನಾನು ಮೊದಲು ವಿಎಚ್ ಇಲ್ಲದ ಸಾಮಾನ್ಯ ವಿನ್ಯಾಸ ಬರೆದು, ಆಮೇಲೆ ಇವನ್ನು ಸೇರಿಸುತ್ತೇನೆ.

ಕನ್ನಡದ ಪುಟಗಳಿಗೆ ಇನ್ನೊಂದು ಪರೀಕ್ಷೆಯಿದೆ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಗೊತ್ತುಮಾಡಿದ ಎತ್ತರದ ಬಟನ್‌ಗಳಲ್ಲಿ ‘ಮೊತ್ತ’, ‘ರಾಷ್ಟ್ರೀಯ’ ಮುಂತಾದ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚಿಗೆ ಇಡಬೇಕು, ಬಟನ್‌ಗೆ ನಿಗದಿತ ಎತ್ತರ ಕೊಡದೆ ಒಳಗಿನ ಪದಕ್ಕೆ ತಕ್ಕಂತೆ ಬೆಳೆಯಲು ಬಿಡಬೇಕು. ನಮ್ಮ ಪದಗಳು ಪ್ರತ್ಯಯ, ಸಮಾಸಗಳಿಂದ ಉದ್ದವಾಗುತ್ತ ಹೋಗುತ್ತವೆ. ‘ಮಾರುಕಟ್ಟೆಯಲ್ಲಿರುವುದರಿಂದ’ ಎಂಬುದು 360 ಪಿಕ್ಸೆಲ್ ಅಗಲದ ಪರದೆಯಲ್ಲಿ, ಅದರಲ್ಲೂ ಕೋಷ್ಟಕದ ಖಾನೆಯಲ್ಲಿ ಹಿಡಿಸದೆ ಹೊರಗೆ ಚಾಚುತ್ತದೆ. ಹಾಗಾಗಿ ಧಾರಣೆಯ ಕೋಷ್ಟಕಗಳನ್ನು ನಾನು ಫೋನಿನಲ್ಲಿ ಕೋಷ್ಟಕವಾಗಿ ತೋರಿಸುವುದಿಲ್ಲ; ಒಂದೊಂದು ತಳಿಗೂ ಒಂದು ಚೌಕ, ಅದರಲ್ಲಿ ಕನಿಷ್ಠ, ಗರಿಷ್ಠ ದರ ದಪ್ಪ ಅಂಕಿಗಳಲ್ಲಿ. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ ದಿನಗಳಲ್ಲಿ ಜನ ಗಳಿಗೆಗೊಮ್ಮೆ ಪುಟ ತೆರೆದು ನೋಡುತ್ತಿದ್ದರು. ಆಗ ಬೇಕಾಗಿದ್ದುದು ಆ ಒಂದು ಅಂಕಿ, ಅದೂ ಬಿಸಿಲಿನಲ್ಲಿ ನಿಂತು ತೋಳಿನಳತೆಯ ದೂರದಿಂದ ಕಾಣುವಂತೆ.

ಆ್ಯಪಿನೊಳಗಿನ ಬ್ರೌಸರುಗಳ ಸಂಗತಿ ಇನ್ನೂ ತೊಡಕಿನದು. ‘ಸಾರ್, ನನ್ನ ಫೋನಲ್ಲಿ ಬಿಲ್ಲು ಇಳೀತಾ ಇಲ್ಲ, ಅಣ್ಣನ ಫೋನಲ್ಲಿ ಇಳಿಯುತ್ತೆ’ ಎಂದು ಮಂಡಿಯ ಗುಮಾಸ್ತರೊಬ್ಬರು ತಂದ ಎರಡೂ ಫೋನುಗಳು ಒಂದೇ ಮಾದರಿಯವಾಗಿದ್ದವು. ವ್ಯತ್ಯಾಸವಿದ್ದದ್ದು ಒಂದೇ ಕಡೆ: ಒಬ್ಬರು ಕೊಂಡಿಯನ್ನು ಒಂದು ಆ್ಯಪಿನೊಳಗೆ ತೆರೆದಿದ್ದರು, ಇನ್ನೊಬ್ಬರು ಬ್ರೌಸರಿನಲ್ಲಿ. ಆ್ಯಪಿನೊಳಗೇ ಪುಟ ತೋರಿಸುವ, ಆಂಡ್ರಾಯ್ಡ್‌ನ ವೆಬ್‌ವ್ಯೂ ಎಂಬ ಭಾಗವನ್ನು ಬಳಸಿ ಆ್ಯಪ್ ಮಾಡಿದವರು, ಫೈಲ್ ಇಳಿಸಿಕೊಳ್ಳುವುದಕ್ಕೆ ಬೇಕಾದ ಕೋಡನ್ನು ತಾವೇ ಬರೆಯಬೇಕು. ಬರೆಯದಿದ್ದರೆ ಬಟನ್ ಒತ್ತಿದಾಗ ಏನೂ ಆಗುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಲಾಗಿನ್ ಆದದ್ದನ್ನು ನೆನಪಿಡುವ ಕುಕಿಗಳೂ ಆ ವೆಬ್‌ವ್ಯೂಗೆ ಬೇರೆ, ಆದ್ದರಿಂದ ಕ್ರೋಮ್‌ನಲ್ಲಿ ಲಾಗಿನ್ ಆಗಿದ್ದವರು ಇಲ್ಲಿ ಮತ್ತೆ ಒಟಿಪಿಗಾಗಿ ಕಾಯಬೇಕು. ಈಗ ನಾನು ಬಿಲ್ಲನ್ನು ಮೊದಲು ಸಾಮಾನ್ಯ ಪುಟವಾಗಿಯೇ ತೋರಿಸುತ್ತೇನೆ. ಪಿಡಿಎಫ್ ಬೇಕಾದವರಿಗೆ ಮಾತ್ರ ಅದರ ಕೆಳಗೆ ಬಟನ್.

ಹಳೆಯ ಫೋನುಗಳ ವಿಷಯದಲ್ಲಿ ಬ್ರೌಸರ್ ಆಯ್ಕೆಗೆ ನಿಜವಾಗಿಯೂ ಬೆಲೆ ಬಂದ ಒಂದು ಸಂದರ್ಭವುಂಟು. ತಾಣ ಅಸಲಿಯೆಂದು ಬ್ರೌಸರಿಗೆ ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಭದ್ರತಾ ಪ್ರಮಾಣಪತ್ರಗಳನ್ನು ನಮ್ಮಂಥ ಸಣ್ಣ ತಾಣಗಳು ಬಳಸುತ್ತವೆ. ಅದರ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳ ನಂಬಿಕೆಯ ಪಟ್ಟಿಯಲ್ಲಿ ಇರಲಿಲ್ಲ. ಇನ್ನೊಂದು ಸಂಸ್ಥೆಯ ಅಡ್ಡಸಹಿಯ ಆಸರೆಯಲ್ಲಿ ಕೆಲಸ ನಡೆಯುತ್ತಿತ್ತು, ಆ ಆಸರೆಯೂ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಫೋನಿನ ಪಟ್ಟಿಯನ್ನೇ ನೆಚ್ಚಿದ ಬ್ರೌಸರುಗಳು ಅಲ್ಲಿ ಅಪಾಯದ ಎಚ್ಚರಿಕೆ ತೋರಿಸುತ್ತವೆ. ಫೈರ್‌ಫಾಕ್ಸ್ ತನ್ನದೇ ಪಟ್ಟಿಯನ್ನು ಜೊತೆಗೆ ಹೊತ್ತು ತರುವುದರಿಂದ ಅದೇ ಫೋನಿನಲ್ಲಿ ಅದೇ ಪುಟವನ್ನು ತೆರೆದುಕೊಟ್ಟಿತು. ಮೇಲಿನ ಮಟ್ಟದಲ್ಲೂ ಗಡಿ ಸರಿಯುತ್ತಲೇ ಇದೆ: 2025ರಲ್ಲಿ ಬಂದ ಕ್ರೋಮ್ 139ಕ್ಕೆ ಕನಿಷ್ಠ ಆಂಡ್ರಾಯ್ಡ್ 10 ಬೇಕು. ಐಫೋನಿನಲ್ಲಿ ಸಫಾರಿಯ ಎಂಜಿನ್ ಐಒಎಸ್ ಜೊತೆಗೇ ಹೊಸದಾಗುವುದರಿಂದ, ಹೊಸ ಐಒಎಸ್ ಸಿಗದ ಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಎಂಜಿನ್ ಹಳೆಯದೇ.

ಯಾವುದನ್ನು ಹಾಕಿಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್ ಎನ್ನುತ್ತೇನೆ. ಯುಬ್ಲಾಕ್ ಒರಿಜಿನ್‌ನಂಥ ವಿಸ್ತರಣೆಯನ್ನು ಅದರಲ್ಲಿ ಸೇರಿಸಿದರೆ ಜಾಹೀರಾತಿನ ಭಾರ ಇಳಿದು ಕಡಿಮೆ ಬೆಲೆಯ ಫೋನೂ ಚುರುಕಾಗುತ್ತದೆ. ವಿಳಾಸದ ಪಟ್ಟಿಯನ್ನು ಹೆಬ್ಬೆರಳಿಗೆ ಎಟುಕುವಂತೆ ಕೆಳಕ್ಕೆ ಇಟ್ಟುಕೊಳ್ಳಬಹುದು. ಮೂರನೆಯ ಎಂಜಿನ್ ಜೀವಂತವಾಗಿರುವುದಕ್ಕೆ ಒಬ್ಬ ಬಳಕೆದಾರ ಹೆಚ್ಚಾದಂತೆಯೂ ಆಯಿತು. ಬ್ಯಾಂಕಿನ ಅಥವಾ ಸರ್ಕಾರಿ ಕೆಲಸದ ಪುಟವೊಂದು ಅದರಲ್ಲಿ ಕೈಕೊಟ್ಟರೆ ಕ್ರೋಮ್ ಹೇಗೂ ಇರುತ್ತದೆ, ಅದನ್ನು ತೆಗೆಯಬೇಕಾಗಿಲ್ಲ.

ನನ್ನ ಕಡೆಯಿಂದ ಮಾಡಬೇಕಾದದ್ದು ಬೇರೆ. ಫಾರ್ಮುಗಳು ಜಾವಾಸ್ಕ್ರಿಪ್ಟ್ ಇಲ್ಲದೆಯೂ ಕಳುಹಿಸಲು ಬರುವಂತೆ ಬರೆಯುವುದು, ಒಂದು ಸೌಲಭ್ಯ ಇದೆಯೇ ಎಂದು ಸಿಎಸ್‌ಎಸ್‌ನ ‘ಸಪೋರ್ಟ್ಸ್’ ನಿಯಮದಿಂದ ಕೇಳಿ ಆಮೇಲೆ ಬಳಸುವುದು, ಕೊಟ್ಟುಬಿಡುವ ಮೊದಲು ಮೂರೂ ಎಂಜಿನ್‌ಗಳಲ್ಲಿ, ನಿಜವಾದ ಫೋನುಗಳಲ್ಲಿ ಬೆರಳಿನಿಂದಲೇ ಒತ್ತಿ ನೋಡುವುದು. ಕಂಪ್ಯೂಟರಿನ ಬ್ರೌಸರ್ ತೋರಿಸುವ ಫೋನಿನ ಚೌಕಟ್ಟನ್ನು ಕಿರಿದಾಗಿಸಿ ನೋಡಿದರೆ ಅಗಲ ಮಾತ್ರ ಗೊತ್ತಾಗುತ್ತದೆ. ಕೀಲಿಮಣೆ ಮೇಲೆದ್ದಾಗ ಯಾವ ಖಾನೆ ಮುಚ್ಚುತ್ತದೆ, ಒಂದೇ ಕೈಯಲ್ಲಿ ಹಿಡಿದಾಗ ಹೆಬ್ಬೆರಳು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ಸದ್ಯ ಕೈಯಲ್ಲಿರುವ ಕೆಲಸ ನೆಟ್‌ವರ್ಕ್ ಸಿಗದ ತೋಟಗಳಲ್ಲೂ ಕೊಯ್ಲಿನ ಲೆಕ್ಕ ಬರೆದಿಡುವ ಪುಟದ್ದು. ಸರ್ವಿಸ್ ವರ್ಕರ್ ಎಂಬ ಸೌಲಭ್ಯದಿಂದ ಆಂಡ್ರಾಯ್ಡ್‌ನಲ್ಲಿ ಅದು ನಡೆಯುತ್ತಿದೆ. ಸಫಾರಿ ಮಾತ್ರ 2020ರಿಂದ, ತಾಣವನ್ನು ಮುಟ್ಟದೆ ಬ್ರೌಸರನ್ನು ಏಳು ದಿನ ಬಳಸಿದರೆ, ಪುಟದ ಜಾವಾಸ್ಕ್ರಿಪ್ಟ್ ಫೋನಿನಲ್ಲಿ ಬರೆದಿಟ್ಟ ಮಾಹಿತಿಯನ್ನು ಅಳಿಸಿಹಾಕುತ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ ಪುಟಕ್ಕೆ ಈ ನಿಯಮವಿಲ್ಲ. ಆದ್ದರಿಂದ ಐಫೋನ್ ಇರುವ ರೈತರಿಗಾಗಿ, ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳುವುದು ಹೇಗೆಂದು ತೋರಿಸುವ ಚಿತ್ರವೊಂದನ್ನು ಮೊದಲ ಪರದೆಯಲ್ಲೇ ಇಡುತ್ತಿದ್ದೇನೆ, ಲೆಕ್ಕ ಉಳಿಸಿದಾಗಲೆಲ್ಲ ನೆಟ್‌ವರ್ಕ್ ಇದ್ದರೆ ಅದರ ಒಂದು ಪ್ರತಿ ಸರ್ವರಿಗೂ ಹೋಗುವಂತೆ ಬರೆಯುತ್ತಿದ್ದೇನೆ.